ಹಿಟ್ಟು ಬರುತ್ತಿಲ್ಲ

ಮದುವೆಯ ಬೋರ್ಸೋಕ್ ರೊಟ್ಟಿ ಕರಿಯುವ ಎಣ್ಣೆಯ ವಾಸನೆ ಕಿಟಕಿಯಿಂದ ನುಗ್ಗಿತು, ಮೂರನೆಯ ಬಾಣಲೆ ಇರಬೇಕು, ಅಂದರೆ ಗಂಡಿನ ಕಡೆಯವರು ಸೇತುವೆ ದಾಟಿರುತ್ತಾರೆ, ಇನ್ನು ಅರ್ಧ ಗಂಟೆ, ಸಾಕು, ಧಾರಾಳವಾಗಿ ಸಾಕು ಎಂದುಕೊಂಡಳು ಬೇಗಾಯಿಮ್, ಮಡಿಲಲ್ಲಿ ಲ್ಯಾಪ್‌ಟಾಪು, ಪರದೆಯ ಮೇಲೆ ಕಾನ್ಬೂಬು ಅಜ್ಜಿ — ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ದನಿ ಇಲ್ಲ. ಹೋದ ವರ್ಷ ತಾನೇ ತೆಗೆದ ವಿಡಿಯೊ, ಮೊಮ್ಮಗಳು ಮೀರ್‌ಗುಲ್ ಗಂಡನ ಮನೆಗೆ ಹೊರಡುವ ದಿನಕ್ಕೆಂದು ಅಜ್ಜಿ ಕಟ್ಟಿ ಹಾಡಿದ ಬೀಳ್ಕೊಡುಗೆಯ ಹಾಡು, ಕೊಶೋಕ್, ನಾನಿರ್ತೀನೋ ಇಲ್ವೋ, ಹಿಡಿದಿಟ್ಕೋ ಮಗಾ ಅಂದಿದ್ದಳು, ಇರಲಿಲ್ಲ, ಹಿಮ ಕರಗುವ ಮುಂಚೆಯೇ ಹೋಗಿಬಿಟ್ಟಳು. ಬೀಳ್ಕೊಡುವ ಹಾಡಿಲ್ಲದೆ ಹೊಸಿಲು ದಾಟಿದವಳನ್ನು ಈ ಊರು ಮೂಕಿಯಾಗಿ ಹೋದವಳು ಅನ್ನುತ್ತದೆ, ಸಾಯುವತನಕ ಅನ್ನುತ್ತದೆ, ಮೀರ್‌ಗುಲ್ ಒಬ್ಬಳು ಕೇಳಿದರೆ ಸಾಲದು, ಇಡೀ ಅಂಗಳ ಕೇಳಬೇಕು. ಇಯರ್‌ಫೋನು ಸಿಕ್ಕಿಸಿಕೊಂಡರೆ ಹಾಡು ಕೇಳುತ್ತದೆ, ಅಂಗಳದ ದೊಡ್ಡ ಸ್ಪೀಕರಿಗೆ ಕೊಟ್ಟರೆ ಹೂಂ ಇಲ್ಲ ಹಾಂ ಇಲ್ಲ. ತುರ್ದುಬೆಕ್ ಚಿಕ್ಕಪ್ಪ ಬಾಗಿಲಲ್ಲಿ ತಲೆ ಹಾಕಿ, ಏನಮ್ಮಾ ವಿಜ್ಞಾನಿ, ಆ ನಿನ್ನ ಇಂಟರ್‌ನೆಟ್ ಫೋರಮ್ಮಲ್ಲಿ ಸಾವಿರ ಜನ ಕೂತಿರ್ತಾರಲ್ಲ, ಯಾರನ್ನಾದ್ರೂ ಕೇಳಬಾರ್ದಾ ಅಂದ — ಕೇಳೋಣ ಚಿಕ್ಕಪ್ಪ, ಮೊದಲು ಹುಡುಕ್ತೀನಿ.

ಕೇಳುವುದು ಸುಲಭ, ಒಮ್ಮೆ ಕೇಳಿದ್ದಳು, ಮೂರು ವರ್ಷದ ಹಿಂದೆ, ಪ್ರಿಂಟರು ಮಸಿ ಉಗುಳುತ್ತಿದೆ ಏನು ಮಾಡಲಿ ಎಂದು, ಕಾರಾಕೋಲ್ ಪಟ್ಟಣದ ಯಾರೋ ಹಿರಿಯ ಉತ್ತರಿಸಿದ್ದ, ತಂಗಿ, ಇದನ್ನ ನಲವತ್ತು ಜನ ಕೇಳಾಗಿದೆ, ನಿಮ್ಮನೆ ಕದ ತಳ್ಳಿ ಕೂಡ ನೋಡದೆ ಪಕ್ಕದ್ಮನೆ ಕೀಲಿ ಕೇಳ್ತೀಯಲ್ಲ — ಕಿವಿ ಕೆಂಪಾಗಿತ್ತು, ಈಗ ಸುತ್ತಲ ಏಳು ಹಳ್ಳಿಯ ಕೆಟ್ಟ ಫೋನುಗಳು ಅವಳ ಮೇಜಿನ ಮೇಲೆ, ವಿದ್ಯೆ ಏನೂ ಇಲ್ಲ, ಕದ ತಳ್ಳಿ ನೋಡುತ್ತಾಳೆ, ಅಷ್ಟೇ. ದನಿ ಬರುತ್ತಿಲ್ಲ ಎಂದು ಕಿರ್ಗಿಜ್‌ನಲ್ಲಿ ಟೈಪು ಮಾಡಿದಳು, ಟೀಚರಮ್ಮ ಮೆಚ್ಚುವಷ್ಟು ಶುದ್ಧವಾಗಿ, ಏನೂ ಸಿಗಲಿಲ್ಲ, ರಷ್ಯನ್‌ನಲ್ಲಿ ಸಾವಿರಾರು, ಎಲ್ಲರದೂ ವೈರು ಗಟ್ಟಿಯಾಗಿ ಸಿಕ್ಕಿಸಿ ಎಂಬ ಒಂದೇ ಮಂತ್ರ, ಸಿಕ್ಕಿಸಿದ್ದೇನೆ ಮಾರಾಯರೇ. ಅಜ್ಜಿ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ತಾಳು, ಇಲ್ಲಿ ಶುದ್ಧವಾಗಿ ಬರೆಯುವವರು ಯಾರು, ಅರ್ಧ ನಾಡಿನ ಕೀಬೋರ್ಡು ರಷ್ಯನ್ನರದು, ನಮ್ಮ ಅಕ್ಷರ ಅದರಲ್ಲಿಲ್ಲ, ಆ ಒಂದು ಅಕ್ಷರದ ಕಾಲು ನೆಟ್ಟಗಿದ್ದರೆ ಪದದ ಅರ್ಥ ದನಿ, ಅದೇ ಕಾಲು ಸೊಟ್ಟಗಾದರೆ ಹಿಟ್ಟು, ಅವಸರದಲ್ಲಿ ಎಲ್ಲರೂ ಬರೆಯುವುದು ಹಿಟ್ಟೇ — ಕಾಲು ಸೊಟ್ಟ ಮಾಡಿ ಹುಡುಕಿದಳು, ಹಿಟ್ಟು ಬರುತ್ತಿಲ್ಲ, ಸಿಕ್ಕಿತು, ಆರು ವರ್ಷ ಹಳೆಯದು, ನಾರಿನ್ ಊರಿನವನೊಬ್ಬ, ಅಣ್ಣಂದಿರಾ, ಕಿವಿಗೆ ಹಾಕ್ಕೊಂಡ್ರೆ ಹಿಟ್ಟು ಬರುತ್ತೆ, ಸ್ಪೀಕರಿಗೆ ಕೊಟ್ರೆ ಬರಲ್ಲ, ಕೆಳಗೆ ಹದಿನೆಂಟು ಜನ, ಗಿರಣಿಗೆ ಹೋಗಪ್ಪಾ, ಜರಡಿ ಕಟ್ಕೊಂಡಿರಬೇಕು ನೋಡು, ಕಿವೀಲಿ ಹಿಟ್ಟು ಬಂದ್ರೆ ಡಾಕ್ಟರಿಗೆ ತೋರ್ಸು. ನಗುತ್ತಲೇ ಪುಟದಲ್ಲಿ ಕೆಳಗಿಳಿದಳು, ಕೊನೆಗೆ ಅವನದೇ ಮಾತು, ಸರಿಹೋಯ್ತು ಧನ್ಯವಾದ, ಅಷ್ಟೇ, ಹೇಗೆ ಸರಿಹೋಯಿತೋ ಪುಣ್ಯಾತ್ಮ, ಇಂಥವರಿಗೆ ನಮ್ಮೂರಲ್ಲಿ ಚಹಾ ಕೂಡ ಕೊಡಬಾರದು, ಇನ್ನೊಂದು ಪುಟ ಇದೆ, ತಿರುವಿದಳು, ಎರಡು ತಿಂಗಳ ಮೇಲೆ ಅವನೇ ಮತ್ತೆ ಬಂದಿದ್ದಾನೆ — ಎಡಗಿವಿ ದನಿ ಬಲಗಿವಿ ದನಿಗೆ ಉಲ್ಟಾ ಆಗಿತ್ತು, ಒಂದೇ ಸ್ಪೀಕರಲ್ಲಿ ಸೇರಿದ್ರೆ ಒಂದನ್ನೊಂದು ನುಂಗಿಬಿಡ್ತವೆ, ಎಡಗಡೇದು ಒಂದನ್ನೇ ಆರಿಸ್ಕೊಳ್ಳಿ ಸಾಕು.

ಆರಿಸಿಕೊಂಡಳು. ಹಾಕಿ ಚಿಕ್ಕಪ್ಪ ಎಂದು ಕಿಟಕಿಯಿಂದ ಕೂಗಿದಳು, ಕೇಳಿಸುತ್ತದೋ ಇಲ್ಲವೋ ಎಂಬ ಅನುಮಾನವೇ ಇರಲಿಲ್ಲ, ಆಗಲೇ ಬೆರಳು ಆ ಪುಟದ ಕೆಳಗೆ ಬರೆಯುತ್ತಿತ್ತು, ಕಾಲು ನೆಟ್ಟಗೆ ಮಾಡಿ ಒಮ್ಮೆ, ಸೊಟ್ಟ ಮಾಡಿ ಒಮ್ಮೆ, ಮುಂದೆ ಹುಡುಕುವವಳಿಗೆ ಎರಡರಲ್ಲೂ ಸಿಗಲಿ — ಅಂಗಳದಲ್ಲಿ ಒಂದು ಕೆಮ್ಮು, ಆಮೇಲೆ ಆ ಒಡಕು ಕಂಠ, ನನ್ನ ಮರೀ, ನನ್ನ ಮೀರ್‌ಗುಲ್ ಮರೀ, ಹೆಂಗಸರ ಸದ್ದು ನಿಂತಿತು, ಬಾಣಲೆಯದು ಮಾತ್ರ, ಮೀರ್‌ಗುಲ್ ಜೋರಾಗಿ ಅಳುತ್ತಿದ್ದಾಳೆ, ಅಳಲಿ, ಗೆದ್ದಳು, ಇನ್ನು ಯಾರೂ ಮೂಕಿ ಅನ್ನುವುದಿಲ್ಲ, ಎಡಗಡೆಯದೊಂದನ್ನೇ ಆರಿಸಿಕೊಂಡರೆ ಸಾಕು ಎಂದು ಬರೆಯಬೇಕು, ಬರೆಯಬೇಕು, ಬೆಳಗಿನಿಂದ ನೂರು ಸಲ ತಾನು ನೋಡಿದ್ದು ಈ ಮುಖವನ್ನೇ, ಕೆಟ್ಟ ಯಂತ್ರ ನೋಡಿದ ಹಾಗೆ, ಅಜ್ಜಿ ಸತ್ತ ದಿನವೂ ತಾನು ಅತ್ತಿರಲಿಲ್ಲ, ದೀಪ ವೈರು ಎಂದು ಓಡಾಡಿದ್ದಳು, ಈಗ ಬೆರಳು ಏಳುತ್ತಿಲ್ಲ, ಇದಕ್ಕೆ ಮದ್ದು ಎಲ್ಲಿ ಹುಡುಕಲಿ ಅಜ್ಜೀ, ಯಾರನ್ನು ಕೇಳಲಿ — ಪರದೆಯ ಮೇಲೆ ಆ ಬಾಯಿ, ಮುಂದಿನ ಹಲ್ಲಿಲ್ಲದ ಬಾಯಿ, ತೆರೆದಿದೆ.