ಸದ್ದಿಲ್ಲದ ಬಾಗಿಲು

ಕಾಮಿಕ್ಸ್ ಪ್ರೆಸ್ಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಢಮಾರಕ್ಕ ಎಂದೇ. ತಪ್ಪೇನಿಲ್ಲ ಬಿಡಿ. ಚಿತ್ರಗಳ ಮೇಲೆ ಕೈಯಾರೆ ಅಕ್ಷರ ಬರೆಯುವುದೇ ಹದಿನೆಂಟು ವರ್ಷದಿಂದ ಅವಳ ಕೆಲಸ. ಹಾರುವ ವೀರ ಗೋಡೆ ಒಡೆದರೆ ‘ಢಮಾರ್’, ಗುದ್ದಿದರೆ ‘ಧಬ್’, ಯಾರಾದರೂ ಬಾಗಿಲು ಹಾಕಿದರೆ ‘ಧಡ್’. ಆ ವೀರನೋ, ತಿಂಗಳಿಗೊಮ್ಮೆ ಲೋಕ ಉಳಿಸುವವನು, ಒಂದು ದಿನವಾದರೂ ತನ್ನ ಚಡ್ಡಿ ತಾನು ಒಗೆದವನಲ್ಲ. ಅವನ ಮುಖ ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು.

ಹಾಗಿರುವಾಗ ಸಿಕ್ಕಿದ್ದು ಆ ತೆಳ್ಳನೆಯ ಪುಸ್ತಕ. ವೀರನ ಚಿತ್ರಗಳ ಕಟ್ಟಿನ ಜೊತೆ ಮಾದರಿಗೆಂದು ಹೊರದೇಶದಿಂದ ಬಂದಿದ್ದ ಅದನ್ನು ಆರು ತಿಂಗಳು ಶಾಯಿ ಬಾಟಲಿಯ ಕೆಳಗೆ ಇಟ್ಟುಕೊಂಡಿದ್ದಳು, ಮೇಜಿಗೆ ಕಲೆಯಾಗಬಾರದಲ್ಲ! ಒಂದು ಮಧ್ಯಾಹ್ನ ಸುಮ್ಮನೆ ಬಿಡಿಸಿದವಳು ಊಟವನ್ನೇ ಮರೆತಳು. ಒಬ್ಬ ಹೊಲಿಗೆಯವಳು, ಅವಳ ಕೈಗೂಸು, ಆಸ್ಪತ್ರೆಯಲ್ಲಿರುವ ಗಂಡ. ಅಷ್ಟೇ. ಕೊನೆಗೆ ಗಂಡ ಹೋದನೆಂಬ ಸುದ್ದಿ ಬರುತ್ತದೆ. ಕೂಸು ಆಗಷ್ಟೇ ಮಲಗಿದೆ. ಅಳುವುದಕ್ಕೆಂದು ಹೊರಗೆ ಬಂದ ಅವಳು, ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಬಾಗಿಲು ಮುಂದೆ ಮಾಡುತ್ತಾಳೆ. ಇಡೀ ಪುಟದಲ್ಲಿ ಒಂದಕ್ಷರವಿಲ್ಲ. ಢಮಾರಕ್ಕ ಗೊಳೋ ಎಂದು ಅತ್ತುಬಿಟ್ಟಳು.

ಆಮೇಲೆ ಸಿಟ್ಟು ಬಂತು. ಹಳೆ ಪುಸ್ತಕದಂಗಡಿ ತಡಕಿದರೆ ಇಂಥವು ಇನ್ನೂ ಎಷ್ಟೋ ಇದ್ದವು. ಬಸ್ಸು ಓಡಿಸುವವಳ ಕಥೆ, ಹಲ್ಲಿನ ಡಾಕ್ಟರಿಗೆ ಹೆದರುವ ಮುದುಕನ ಕಥೆ. ಇಷ್ಟು ವರ್ಷ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದೆನೇ ಎಂದು ತಲೆ ಚಚ್ಚಿಕೊಂಡಳು.

“ಇದನ್ನ ಕನ್ನಡದಲ್ಲಿ ನಾವು ಹಾಕೋಣ ಸಾರ್,” ಎಂದು ಪ್ರೆಸ್ಸಿನ ಮಾಲೀಕರಿಗೆ ದುಂಬಾಲು ಬಿದ್ದಳು.

“ಹಾರಾಟ ಇಲ್ಲ, ಹೊಡೆದಾಟ ಇಲ್ಲ. ಯಾರಮ್ಮ ಓದ್ತಾರೆ?”

ಎಂಟು ತಿಂಗಳು ಅವಳು ಬೆನ್ನು ಬಿಡಲಿಲ್ಲ. ಕೊನೆಗೆ ಅವರೇ ಸುಸ್ತಾದರು. “ಆಯ್ತು ತಾಯಿ, ಒಂದೇ ಒಂದು ಸಲ. ಓಡ್ಲಿಲ್ಲ ಅಂದ್ರೆ ಮತ್ತೆ ಇಂಥದ್ದರ ಸುದ್ದಿ ಎತ್ತಬಾರದು. ಆದ್ರೆ ಆ ಬಾಗಿಲ ಪುಟ ತೀರಾ ಖಾಲಿ. ಅಲ್ಲೊಂದು ‘ಧಡ್’ ಹಾಕು.”

“ಜೀವ ಹೋದ್ರೂ ಹಾಕಲ್ಲ ಸಾರ್. ಆ ಪುಟಕ್ಕೋಸ್ಕರಾನೇ ಈ ಪುಸ್ತಕ.”

ಅಚ್ಚಿಗೆ ಹೋಗುವ ವಾರ ವೀರನ ಸಂಚಿಕೆಯೂ ತಲೆಯ ಮೇಲೆ ಕೂತಿತ್ತು. ಒಂದು ಹಾಳೆ ಅದು, ಒಂದು ಹಾಳೆ ಇದು ಎಂದು ಎರಡಕ್ಕೂ ಒಟ್ಟೊಟ್ಟಿಗೇ ಅಕ್ಷರ ಬರೆದಳು. ಕರಡು ತಿದ್ದುವವರು ಮಾತಿದ್ದ ಪುಟಗಳನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಬಾಗಿಲ ಪುಟವನ್ನು ಅವರಿಗೆ ಕಳಿಸಲೇ ಇಲ್ಲ. ಮಾತೇ ಇಲ್ಲದ ಪುಟದಲ್ಲಿ ತಿದ್ದುವುದೇನು?

ಪುಸ್ತಕ ಬಂದ ದಿನ ಮಾಲೀಕರು “ಅಂತೂ ದಾರಿಗೆ ಬಂದೆಯಲ್ಲಮ್ಮ” ಎಂದು ನಕ್ಕರು. ಅದೇನೆಂದು ಕೇಳುವಷ್ಟು ಪುರುಸೊತ್ತಿಲ್ಲದೆ ಅವಳು ಮೊದಲ ಪ್ರತಿ ಹಿಡಿದು ತಂಗಿಯ ಮನೆಗೆ ಓಡಿದಳು. ತಂಗಿ ನರ್ಸು, ಕಾಮಿಕ್ಸ್ ಎಂದರೆ ಮೂಗು ಮುರಿಯುವವಳು.

“ಶ್! ಎರಡು ಗಂಟೆ ಎತ್ತಾಡಿಸಿ ಈಗ ತಾನೇ ಮಗೂನ ಮಲಗಿಸಿದ್ದೀನಿ,” ಎಂದು ಪಿಸುಗುಟ್ಟಿ, ಸೋಫಾದಲ್ಲಿ ಕಾಲು ಮಡಚಿ ಓದತೊಡಗಿದಳು. ಅಕ್ಕ ಉಗುರು ಕಚ್ಚುತ್ತ ಅವಳ ಮುಖವನ್ನೇ ನೋಡಿದಳು. ತಂಗಿಯ ಕಣ್ಣು ತುಂಬಿತು. ಗೆದ್ದೆ ಎಂದುಕೊಂಡಳು ಅಕ್ಕ. ಪುಟ ತಿರುಗಿತು. ತಂಗಿ ಹುಬ್ಬು ಗಂಟಿಕ್ಕಿದಳು.

“ಇಷ್ಟು ಹೊತ್ತು ಪಾಪ ಅನ್ನಿಸ್ತಿದ್ಲು ಕಣೇ ಅಕ್ಕ. ಈಗ್ಯಾಕೆ ಬಾಗಿಲನ್ನ ಹಾಗೆ ಬಡೀತಾಳೆ? ಮಗು ಏಳಲ್ವಾ?”

“ಬಡೀತಾಳಾ? ಎಲ್ಲಿ, ಕೊಡಿಲ್ಲಿ!”

ಬಾಗಿಲ ಮೇಲೆ, ದಪ್ಪಗೆ, ‘ಧಡ್’. ಮಾಲೀಕರು ಹಾಕಿಸಿದ್ದಲ್ಲ. ಕೊನೆಯಕ್ಷರದ ತುದಿಯನ್ನು ಹಾಗೆ ಕೊಂಕಿಸುವ ಕೈ ಪ್ರೆಸ್ಸಿನಲ್ಲಿ ಇದ್ದದ್ದು ಒಂದೇ. ಮುಚ್ಚುವ ಬಾಗಿಲು ಕಂಡ ಕೂಡಲೇ ಹದಿನೆಂಟು ವರ್ಷದ ಆ ಕೈ, ಅವಳನ್ನು ಒಂದು ಮಾತೂ ಕೇಳದೆ, ತನ್ನ ಕೆಲಸ ಮುಗಿಸಿತ್ತು. ಎರಡು ಸಾವಿರ ಪ್ರತಿ ಆಗಲೇ ಅಂಗಡಿಗಳಿಗೆ ಹೊರಟಾಗಿತ್ತು.

“ಹಾಳಾದ ಕೈ! ಇದಕ್ಕೆ ಬರೆ ಹಾಕ್ಬೇಕು!”

“ಅಕ್ಕಾ, ಮೆಲ್ಲಗೆ...”

ಕೇಳುವ ತಾಳ್ಮೆ ಯಾರಿಗಿತ್ತು? ಪುಸ್ತಕವನ್ನು ಕಂಕುಳಲ್ಲಿ ತುರುಕಿಕೊಂಡು, ಚಪ್ಪಲಿ ಮೆಟ್ಟಿ, ಧುಮುಗುಡುತ್ತ ಹೊರಬಿದ್ದು ಬಾಗಿಲೆಳೆದುಕೊಂಡಳು.

ಧಡ್.

ಒಳಗೆ ಮಗು ಎದ್ದು ಕಿರುಚತೊಡಗಿತು.