ಗೌರಾಂಬಳ ಬಚ್ಚಲುಮನೆಯ ಚೊಂಬು

ನಾನು ಒಂದು ಹಿತ್ತಾಳೆ ಚೊಂಬು. ನಾಗಮಂಗಲದ ಒಂದು ಕುಲುಮೆಯ ಪಕ್ಕದಲ್ಲಿ, ಸುತ್ತಿಗೆಯ ಏಟು ತಿಂದು ಆಕಾರ ಪಡೆದೆ. ಕುತ್ತಿಗೆ ಗಿಡ್ಡ, ಹೊಟ್ಟೆ ದೊಡ್ಡದು. ಗೌರಾಂಬಳ ತಾಯಿ ನನ್ನನ್ನು ಮಗಳ ಮದುವೆಗೆಂದು ಕೊಂಡರು. ಬಂದ ಬೀಗರಿಗೆ ಕಾಲು ತೊಳೆಯಲು ನೀರು ಕೊಟ್ಟದ್ದು ನಾನೇ. ಮದುವೆ ಮುಗಿದ ಮೇಲೆ ಅವಳ ಜೊತೆಗೇ ನಂಜನಗೂಡಿನ ಈ ಮನೆಗೆ ಬಂದೆ.

ಎಷ್ಟೋ ವರ್ಷ ಅಡುಗೆಮನೆಯಲ್ಲಿ ಕುಡಿಯುವ ನೀರು ಹೊತ್ತು ಮೆರೆದೆ. ಒಂದು ದಿನ ಕಟ್ಟೆಯಿಂದ ಬಿದ್ದು ಸೊಟ್ಟಗಾದೆ. ಆ ಹೊತ್ತಿಗೆ ಮನೆಗೆ ಸ್ಟೀಲಿನವರು ಬಂದಿದ್ದರು. ನನ್ನನ್ನು ಬಚ್ಚಲಿಗೆ ಕಳಿಸಿದರು. ಒಮ್ಮೆ ಅಲ್ಲಿಗೆ ಹೋದ ಚೊಂಬು ಮತ್ತೆ ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಯಾರ ಮನೆಯಲ್ಲಾದರೂ ಕೇಳಿ ನೋಡಿ. ನನಗೆ ಬಹಳ ಬೇಜಾರಾಯಿತು.

ಅಲ್ಲಿ ಕುಳಿತೇ ನಾನು ಗೌರಾಂಬಳಿಗೆ ವಯಸ್ಸಾದದ್ದನ್ನು ನೋಡಿದೆ. ಐವತ್ತು ದಾಟಿದ ಮೇಲೆ ಅವಳು ಬಚ್ಚಲಿಗೆ ನಡೆದು ಬರುವುದು ನಿಂತಿತು, ಓಡಿ ಬರುತ್ತಿದ್ದಳು. ಅವಸರವಾದರೆ ತಡೆಯುವುದು ಅವಳ ಕೈಯಲ್ಲಿರಲಿಲ್ಲ. ಕೆಲವು ಸಲ ಬಾಗಿಲು ಹಾಕುವಷ್ಟರಲ್ಲೇ ಸೀರೆ ಒದ್ದೆಯಾಗಿರುತ್ತಿತ್ತು. ಆಗ ಅವಳು ನನ್ನ ತುಂಬ ನೀರು ತುಂಬಿ ನೆಲಕ್ಕೆಲ್ಲ ಸುರಿಯುತ್ತಿದ್ದಳು, ಸೀರೆಯ ಅಂಚಿಗೂ ಚೆಲ್ಲಿಕೊಳ್ಳುತ್ತಿದ್ದಳು. ಸೊಸೆ ಸೌಭಾಗ್ಯ ಏನಾಯಿತೆಂದು ಕೇಳಿದರೆ ಚೊಂಬು ಕೈ ಜಾರಿತು ಎನ್ನುತ್ತಿದ್ದಳು. ಜಾರದೆಯೇ ಎಷ್ಟು ಸಲ ಜಾರಿದೆನೋ ನಾನು!

ಸೋಮವಾರದ ಭಜನೆಗೆ ಹೋಗುವುದನ್ನು ಬಿಟ್ಟಳು. ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು. ಕುಡಿಯದಿದ್ದರೆ ಬರುವುದಿಲ್ಲ ಎಂಬ ಲೆಕ್ಕ. ಅವಸರ ಕಡಿಮೆಯಾಗಲಿಲ್ಲ, ತಲೆ ಸುತ್ತು ಮಾತ್ರ ಶುರುವಾಯಿತು.

ಒಂದು ಮಧ್ಯಾಹ್ನ ಹಾಗೆಯೇ ನೀರು ಸುರಿದು ಹೋದವಳು, ನೆಲ ಆರುವ ಮೊದಲೇ ಮತ್ತೆ ಓಡಿ ಬಂದಳು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಆಗಲೇ ನಾನು. ಗೋಡೆ ಹಿಡಿಯಲು ಕೈ ಎಲ್ಲಿತ್ತು? ತಾನೇ ಸುರಿದ ನೀರಿನ ಮೇಲೆ ಕಾಲಿಟ್ಟು ಬಿದ್ದಳು. ನಾನು ಉರುಳಿ ಮೋರಿಯ ಬಾಯಿಗೆ ಹೋಗಿ ನಿಂತೆ. ಅವಳ ಬಲಗೈ ಮಣಿಕಟ್ಟು ಮುರಿದಿತ್ತು.

ಮಗ ಪ್ರಸಾದ ಬಂದವನು ಒದ್ದೆ ನೆಲ ನೋಡಿ ಹೆಂಡತಿಯ ಮೇಲೆ ಹರಿಹಾಯ್ದ. ಬಟ್ಟೆ ಒಗೆದು ನೆಲ ಹಾಗೇ ಬಿಟ್ಟಿದ್ದೀಯ, ಅಮ್ಮನ ಕೈ ಮುರಿಯಲು ನೀನೇ ಕಾರಣ ಎಂದ. ತಾನು ಆ ದಿನ ಒಗೆಯಲೇ ಇಲ್ಲ ಎಂದು ಸೌಭಾಗ್ಯ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೌರಾಂಬ ಎಲ್ಲ ಕೇಳಿಸಿಕೊಂಡೂ ಸುಮ್ಮನಿದ್ದಳು. ಸೌಭಾಗ್ಯ ಊಟ ಮಾಡದೆ ಬಚ್ಚಲು ಒರೆಸಿದಳು, ಒರೆಸುತ್ತಲೇ ಅತ್ತಳು. ಅಂದು ನನಗೆ ಗೌರಾಂಬಳ ಮೇಲೆ ಕೆಟ್ಟ ಕೋಪ ಬಂತು.

ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಸೊಸೆಯೇ ಅವಳನ್ನು ತೋಳು ಹಿಡಿದು ಕರೆತರಬೇಕಾಯಿತು. ಒಂದು ಬೆಳಿಗ್ಗೆ ಬಾಗಿಲ ಹತ್ತಿರ ಬರುವಷ್ಟರಲ್ಲೇ ಆಗಿಹೋಯಿತು. ಇಬ್ಬರೂ ನೆಲ ನೋಡಿದರು. ಸೌಭಾಗ್ಯ ನನ್ನಲ್ಲಿ ನೀರು ತುಂಬಿಕೊಂಡಳು.

"ಸುರೀಬೇಡ ಕಣವ್ವ," ಎಂದಳು ಗೌರಾಂಬ. "ಅವತ್ತೂ ಹಿಂಗೇ ಆಗಿತ್ತು. ಗೊತ್ತಾಗಬಾರದು ಅಂತ ನೀರು ಸುರಿದವಳು ನಾನೇ. ನಿನ್ನ ಬಯ್ತಿದ್ರೂ ನನಗೆ ಬಾಯಿ ಬರಲಿಲ್ಲ."

ಸೌಭಾಗ್ಯ ಕುಕ್ಕರಗಾಲಲ್ಲಿ ಕುಳಿತು, ಅತ್ತೆಯ ಪಾದಗಳಿಗೆ ಮೆಲ್ಲಗೆ ನೀರು ಹಾಕಿ ತೊಳೆದಳು.

"ಮಗು ಆದ್ಮೇಲಿಂದ ಕೆಮ್ಮಿದ್ರೆ ನಂಗೂ ಹೋಗ್ಬಿಡ್ತದೆ ಅತ್ತೆ," ಎಂದಳು. "ನೀವೇನಂದ್ಕೊತೀರೋ ಅಂತ ಹೇಳಿರಲಿಲ್ಲ."

ಒಂದೇ ಬಚ್ಚಲು, ಇಬ್ಬರು ಹೆಂಗಸರು, ಇಷ್ಟು ವರ್ಷ. ನನಗೆ ದುಃಖ ತಡೆಯಲಾಗಲಿಲ್ಲ.

ಅಂದು ಸಂಜೆ ಗೌರಾಂಬ ಮಗನನ್ನು ಎದುರಿಗೆ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು. ನಡುಮನೆಯ ಮಾತು ಬಚ್ಚಲಿಗೂ ಕೇಳಿಸುತ್ತದೆ. ಪ್ರಸಾದನಿಗೆ ನಾಚಿಕೆಯಾಗಿರಬೇಕು, ಇದನ್ನೆಲ್ಲ ಹೊರಗೆ ಹೇಳಬೇಡ ಎಂದು ಮೆಲ್ಲಗೆ ಅಂದ.

"ಹೇಳದೆ ಇದ್ದುದಕ್ಕೇ ಕೈ ಮುರೀತು ಕಣಪ್ಪ," ಎಂದಳು ಅವಳು. "ನಾಳೆ ಇಬ್ಬರೂ ಡಾಕ್ಟರಮ್ಮನ ಹತ್ರ ಹೋಗ್ತೀವಿ. ಅದಕ್ಕೆ ಮುಂಚೆ ನೀನು ಇವಳ ಹತ್ರ ತಪ್ಪಾಯ್ತು ಅನ್ನು."

ಡಾಕ್ಟರಮ್ಮ ಇಬ್ಬರಿಗೂ ವ್ಯಾಯಾಮ ಹೇಳಿಕೊಟ್ಟರಂತೆ. ನೀರು ಕುಡಿಯುವುದನ್ನು ಬಿಡಬೇಡಿ, ಅವಸರವಾಗುವ ಮುಂಚೆಯೇ ಹೊತ್ತು ನೋಡಿಕೊಂಡು ಹೋಗಿ ಬನ್ನಿ ಎಂದರಂತೆ. ಬಚ್ಚಲಿಗೆ ಒರಟು ಕಲ್ಲು ಹಾಸಿದರು, ಗೋಡೆಗೆ ಹಿಡಿಕೆ ಬಂತು. ಗೌರಾಂಬ ಈಗ ನಡೆದೇ ಹೋಗುತ್ತಾಳೆ. ಆದರೆ ಆ ಮಣಿಕಟ್ಟು ನೆಟ್ಟಗೆ ಕೂಡಲಿಲ್ಲ. ಒಂದು ಒದ್ದೆ ಬಟ್ಟೆ ಹಿಂಡಲೂ ಅವಳಿಂದಾಗದು.

ಪ್ಲಾಸ್ಟಿಕ್ ಮಗ್ಗು ಬಂದ ಮೇಲೆ ನಾನು ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿದ್ದೇನೆ, ಹೊಳಪಿಲ್ಲ, ಕೆಲಸವೂ ಇಲ್ಲ. ನಿನ್ನೆ ಪಕ್ಕದ ಮನೆಯಾಕೆ ಬಂದಿದ್ದಳು. ಈಚೆಗೆ ಎಲ್ಲಿಗೂ ಹೋಗಲು ಮನಸ್ಸಾಗುವುದಿಲ್ಲ ಎಂದಳು, ಕಾರಣ ಕೇಳಿದರೆ ಸೆರಗಿನ ತುದಿ ತಿರುಚುತ್ತ ನಿಂತಳು. ಗೌರಾಂಬ ಅವಳನ್ನು ಕಲ್ಲಿನ ಮೇಲೆ ಕೂರಿಸಿಕೊಂಡು, ಸುತ್ತಮುತ್ತ ನೋಡದೆ, ದನಿ ತಗ್ಗಿಸದೆ ಹೇಳಿದಳು.

"ನಂಗೂ ಆಗ್ತಿತ್ತು."

ಎರಡೇ ಮಾತು. ಅದನ್ನು ಕಲಿಯಲು ಅವಳು ತನ್ನ ಬಲಗೈ ಕೊಡಬೇಕಾಯಿತು.