ಜೂನ್ ತಿಂಗಳ ಚಳಿಗಾಲ

ಅಮೆರಿಕದ ಕೆರೊಲಿನಾ ಸೀಮೆಯ ಮಾರಿಸ್‌ವಿಲ್‌ನ ಜನವೆಲ್ಲ ಅರೆತೋಳಿನ ಅಂಗಿಯಲ್ಲೂ ಬೆವರುವ ಜೂನ್ ತಿಂಗಳಲ್ಲಿ, ಮೊಣಕಾಲು ಮುಟ್ಟುವ ಉಣ್ಣೆಯ ಕೋಟು ತೊಟ್ಟು, ಎದುರುಗಾಳಿಗೆ ಎದೆಗೊಟ್ಟವರಂತೆ ಮುಂದಕ್ಕೆ ಬಾಗಿ ದಾಪುಗಾಲಿಡುತ್ತ ವಿಮಾನ ನಿಲ್ದಾಣ ಹೊಗುವ ಹೆಂಗಸು ಯಾರೆಂದು ಕೇಳಿದರೆ, ಅಲ್ಲಿಯ ಕನ್ನಡಿಗರು ನಗುತ್ತಲೇ ಡಾಕ್ಟರ್ ರೇಣುಕಾದೇವಿಯವರ ಹೆಸರು ಹೇಳುತ್ತಿದ್ದರು.

ಹುಬ್ಬಳ್ಳಿಯಲ್ಲಿ ವೈದ್ಯವಿದ್ಯೆ ಕಲಿತು, ಹೊಸ ಔಷಧಗಳನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಕಂಪನಿಯೊಂದರಲ್ಲಿದ್ದ ಅವರಿಗೆ ಕುಳಿತು ಮಾತಾಡುವ ಅಭ್ಯಾಸವೇ ಇರಲಿಲ್ಲ. ಮೀಟಿಂಗಿನಲ್ಲೂ ಕಿಟಕಿಗೂ ಬಾಗಿಲಿಗೂ ನಡುವೆ ಓಡಾಟ. ಇಂಗ್ಲಿಷ್ ಮಾತಿನ ತುದಿಗೂ ‘ಖರೆ ಹೌದಲ್ಲೋ?’ ಎಂಬ ಪ್ರಶ್ನೆ. ಅಮೆರಿಕನ್ ಮೇಲಧಿಕಾರಿ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಚಳಿಯಲ್ಲಿ ಉಲ್ಬಣಿಸುವ ಉಬ್ಬಸಕ್ಕೆಂದು ಸಿದ್ಧವಾಗಿದ್ದ ಔಷಧಕ್ಕೆ ಕೆರೊಲಿನಾದಲ್ಲಿ ಸಾಕಷ್ಟು ರೋಗಿಗಳೇ ಸಿಗದೆ ಚಳಿಗಾಲ ಮುಗಿಯಿತು. ಪರೀಕ್ಷೆಯನ್ನೇ ಕೈಬಿಡೋಣವೆಂದ ಮೇಲಧಿಕಾರಿ. ರೇಣುಕಾದೇವಿ ನಡೆಯುತ್ತಲೇ ಚಿಲಿ ದೇಶದ ಮಾತೆತ್ತಿದರು: ನಮಗೆ ಬೇಸಿಗೆಯಾದಾಗ ಸಾಂಟಿಯಾಗೊದಲ್ಲಿ ಚಳಿಗಾಲ; ಒಂದೇ ಮಹಾನಗರದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳು, ನುರಿತ ವೈದ್ಯರು, ನಂಬಿದ ವೈದ್ಯರ ಬಳಿಗೆ ತಪ್ಪದೆ ಮರಳುವ ರೋಗಿಗಳು. ಅಲ್ಲಿಯ ವರದಿಯನ್ನು ನಂಬುವುದು ಹೇಗೆಂದು ಆತ ಕೇಳಿದಾಗ ಅವರ ನಡಿಗೆ ನಿಂತಿತು. ತಾವು ಹುಬ್ಬಳ್ಳಿಯಿಂದ ಬಂದ ಹೊಸತರಲ್ಲಿ ಎದ್ದಿದ್ದೂ ಇದೇ ಪ್ರಶ್ನೆ. ನನ್ನನ್ನು ನಂಬಿದ ಹಾಗೆಯೇ, ಕೆಲಸ ನೋಡಿ ನಂಬಿ ಎಂದರು.

ಮೇಲಧಿಕಾರಿ ಒಪ್ಪಿದ. ಜೂನ್‌ನಲ್ಲಿ ಕೋಟು ತೊಟ್ಟು ಅವರು ಹೋಗಿಳಿದ ಸಾಂಟಿಯಾಗೊದಲ್ಲಿ ಎಲ್ಲವೂ ಅವರೆಂದಂತೆಯೇ ಇತ್ತು. ಆದರೆ ಎಲ್ವಿರಾ ಎಂಬ ದರ್ಜಿ ಮುದುಕಿ ಪರೀಕ್ಷೆಗೆ ಸೇರಲು ಒಪ್ಪಿಗೆ ಕೊಡುವ ಮುನ್ನ, ಏದುಸಿರಿನ ನಡುವೆಯೇ ಕೇಳಿದಳು: ಔಷಧ ಗುಣ ಕೊಟ್ಟರೆ, ನಿಮ್ಮ ಪರೀಕ್ಷೆ ಮುಗಿದ ಮೇಲೂ ನಮಗದು ಸಿಗುತ್ತದೆಯೇ? ರೇಣುಕಾದೇವಿ ಅಂದೇ ಮಾರಿಸ್‌ವಿಲ್‌ನ ಕಿರಿಯ ಸಹೋದ್ಯೋಗಿ ಊರ್ಮಿಳಾಗೆ ಫೋನು ಮಾಡಿದರು.

“ಮೇಡಂ, ಸೀಸನ್ ಮಿಸ್ ಆಗತ್ತೆ. ಈಗ ಸ್ಟಾರ್ಟ್ ಮಾಡಿ, ಆಮೇಲೆ ನೋಡ್ಕೋಬಹುದಲ್ವಾ?” ಎಂದಳು ಮೈಸೂರಿನ ಊರ್ಮಿಳಾ.

“ಆಮ್ಯಾಲೆ ಅಂದ್ರ ಯಾವಾಗ? ಆಕಿ ಕೇಳಿದ್ದು ಖರೇನ ಐತಿ. ಪರೀಕ್ಷೆ ಮುಗದ ಮ್ಯಾಲೂ ಔಷಧ ಕೊಡಾಕ ಕಂಪನಿಯವರು ಒಪ್ಪೂ ತನಕಾ ಒಬ್ಬರನ್ನೂ ಸೇರಸಂಗಿಲ್ಲ, ಸಾಹೇಬ್ರಿಗೆ ಹೇಳು.”

ಚಳಿಗಾಲ ಕೈಜಾರುತ್ತಿತ್ತು. ಒಂದು ವಾರ ಅವರು ಆಸ್ಪತ್ರೆಯ ಪಡಸಾಲೆಗಳಲ್ಲಿ ಅಡ್ಡಾಡಿ, ಕೆಲಸವೂ ಹೋಯಿತು, ಔಷಧವೂ ಹೋಯಿತೆಂದುಕೊಂಡರು. ಕೊನೆಗೆ ಕಂಪನಿ ಗೊಣಗುತ್ತ ಮಾತು ಕೊಟ್ಟಿತು. ಎಲ್ವಿರಾ ತಾನೂ ಸೇರಿದಳು, ತನ್ನ ಓಣಿಯಲ್ಲಿ ಉಬ್ಬಸವಿದ್ದವರನ್ನೆಲ್ಲ ಕರೆತಂದಳು. ಚಳಿಗಾಲ ಮುಗಿಯುವುದರೊಳಗೆ ಬೇಕಾದಷ್ಟು ರೋಗಿಗಳು. ಅಲ್ಲಿಯ ವರದಿಯಲ್ಲಿ ತಪ್ಪು ಹುಡುಕಲೆಂದೇ ಅಮೆರಿಕದಿಂದ ಬಂದವರಿಗೆ ಹೇಳಿಕೊಳ್ಳುವಂಥ ತಪ್ಪೊಂದೂ ಸಿಗಲಿಲ್ಲ. ಔಷಧ ಗುಣ ಕೊಟ್ಟಿತ್ತು. ವಸಂತದ ಒಂದು ಭಾನುವಾರ ಎಲ್ವಿರಾ ತನ್ನ ಅಂಗಳದಲ್ಲಿ ಕರವಸ್ತ್ರ ಬೀಸುತ್ತ ಅಲ್ಲಿಯ ಕುಣಿತ ಕುಣಿದು, ಡಾಕ್ಟರನ್ನೂ ಎಳೆದುಕೊಂಡಳು. ಸೀರೆಯ ಸೆರಗನ್ನು ನಡುವಿಗೆ ಸಿಕ್ಕಿಸಿ ಡಾಕ್ಟರೂ ಕುಣಿದರು. ಮೊದಲು ಉಸಿರು ಕಟ್ಟಿ ಕುಕ್ಕರಿಸಿದವರು ಅವರೇ.

ಇಂಥವರು ದೂರದ ನಾಡಿನಲ್ಲಿ ತಮಗೇನು ಅನುಕೂಲವೆಂದು ಚೆನ್ನಾಗಿ ಬಲ್ಲರು, ಅದನ್ನು ಹೇಳಲು ನಾಚುವವರೂ ಅಲ್ಲ. ಆದರೆ ಆ ನಾಡಿನವರು ತಮ್ಮ ಅನುಕೂಲವೇನೆಂದು ಕೇಳಿದಾಗ ಕಿವುಡರಂತೆ ನಟಿಸಲಾರರು. ಇಂಥವರ ಕೈಯಲ್ಲಿ ವ್ಯವಹಾರವೂ ಒಂದು ಬಗೆಯ ನೆಂಟಸ್ತಿಕೆಯಾಗುತ್ತದೆ. ಅವರು ಹೋದಲ್ಲೆಲ್ಲ ಊಟಕ್ಕೆ ಕರೆಯುವ ಮನೆಯೊಂದು ಹುಟ್ಟಿಕೊಳ್ಳುತ್ತದೆ.